ಟೀಚರಮ್ಮ ಕೇಳಿದ ಜಾಗ

ಹೋದ ವಾರ ಟೀಚರಮ್ಮನ ಗೋರಿಗೆ ಕರಿಕಲ್ಲು ಕೂರಿಸಿದರು. ಅದರ ಮೇಲಿನ ಒಕ್ಕಣೆ ಬರೆದುಕೊಟ್ಟವನು ನಾನೇ. ಮಿಷನ್ ಶಾಲೆಯಲ್ಲಿ ಅಕ್ಷರ ಕಲಿಸಿದರು, ನಲವತ್ತು ವರ್ಷ ಸಂಡೇ ಸ್ಕೂಲ್ ನಡೆಸಿದರು, ಕರ್ತನಲ್ಲಿ ನಿದ್ರೆ ಹೋದರು, ಹೀಗೆ. ಓದಿದವರೆಲ್ಲ ಚೆನ್ನಾಗಿದೆ ಅಂದರು. ಚೆನ್ನಾಗಿಯೇ ಇದೆ. ಆದರೆ ಟೀಚರಮ್ಮ ಮಲಗಬೇಕಾಗಿದ್ದ ಜಾಗ ಅದಲ್ಲ. ಇಡೀ ಬದುಕಿನಲ್ಲಿ ಅವರು ನನ್ನನ್ನು ಕೇಳಿದ್ದು ಒಂದೇ ಒಂದು. ಸತ್ತ ಮೇಲೆ ನನ್ನನ್ನು ಸಮಾಧಿ ತೋಟದ ಗೋಡೆಯೊಳಗೆ ಇಡಬೇಡಿ, ಹೊರಗೆ ಸುಗುಣಳ ಪಕ್ಕ ಇಡಿ ಎಂದಿದ್ದರು. ಅದೊಂದನ್ನು ನಾನು ನಡೆಸಿಕೊಡಲಿಲ್ಲ. ಕಲ್ಲಿನ ಮೇಲೆ ಬರೆಯುವ ಧೈರ್ಯವಿರಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೊಳಲ್ಕೆರೆಯ ನಮ್ಮ ಚರ್ಚಿನ ಸಭೆ ದೊಡ್ಡದೇನಲ್ಲ. ಮಾರ್ಕೆಟ್ ಯಾರ್ಡಿನ ಹಮಾಲರು, ಶಾಲೆಯ ಮೇಷ್ಟ್ರುಗಳು, ಒಂದಿಬ್ಬರು ನರ್ಸುಗಳು, ರಾಮಗಿರಿಯಿಂದ ಬಸ್ಸು ಹತ್ತಿ ಬರುವ ಮೂರು ಮನೆಯವರು. ಭಾನುವಾರ ಬೆಂಚುಗಳು ಅರ್ಧ ತುಂಬುತ್ತವೆ, ಕ್ರಿಸ್ಮಸ್ಸಿಗೆ ಮಾತ್ರ ಹೊರಗೆ ಶಾಮಿಯಾನ ಹಾಕಬೇಕು. ನಾನು ಮಿಷನ್ ಶಾಲೆಯಲ್ಲಿ ಗುಮಾಸ್ತನಾಗಿದ್ದವನು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸಭೆಯ ಸೆಕ್ರೆಟರಿ. ಆರಾಧನೆ ಮುಗಿಯುವ ಮುಂಚೆ ಎದ್ದು ನಿಂತು ಪ್ರಕಟಣೆ ಓದುವವನು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಆ ಪ್ರಕಟಣೆಗಳನ್ನು ಟೀಚರಮ್ಮನಷ್ಟು ಗಮನವಿಟ್ಟು ಕೇಳಿದವರು ಯಾರೂ ಇಲ್ಲ. ಕುಳ್ಳಗಿನ ಒಣಕಲು ಹೆಂಗಸು, ಇಸ್ತ್ರಿ ಮಾಡಿದ ಬಿಳಿ ವಾಯಿಲ್ ಸೀರೆ, ಕಂಕುಳಲ್ಲಿ ಕರೀ ಕೊಡೆ. ಆರಾಧನೆ ಮುಗಿದು ಹೊರಗೆ ಬಂದ ತಕ್ಷಣ ಕೊಡೆಯ ತುದಿಯಿಂದ ನನ್ನನ್ನು ತಿವಿಯುತ್ತಿದ್ದರು. “ಲೇ, ‘ಪ್ರೀತಿಯ ಸಭಿಕರೇ’ ಅಂತ ಓದಿದ್ಯಲ್ಲ, ಯಾರ ಮೇಲೈತೆ ಪ್ರೀತಿ?” ಇನ್ನೊಂದು ಸಲ ವಾರ್ಷಿಕ ವರದಿಯಲ್ಲಿ ಸಭೆ ಆತ್ಮಿಕವಾಗಿ ಬೆಳೆದಿದೆ ಎಂದು ಬರೆದಿದ್ದೆ. “ಎಷ್ಟು ಬೆಳೆದೈತಪ್ಪ? ಗೋಡೆಗೆ ನಿಲ್ಲಿಸಿ ಗೆರೆ ಎಳೆದು ನೋಡಿದ್ಯಾ?” ಅಂದರು. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಪಕ್ಕದಲ್ಲೇ ನಿಂತು ಕೆಮ್ಮಿದರು. ಐವತ್ತು ದಾಟಿದ ನನಗೆ ಆಗಲೂ ಅವರ ಮುಂದೆ ಬೆಂಚಿನ ಮೇಲೆ ನಿಂತ ಹಾಗೇ ಆಗುತ್ತಿತ್ತು.

ಮದುವೆಯಾಗಿರಲಿಲ್ಲ. ಯಾಕೆ ಟೀಚರಮ್ಮ ಅಂತ ಯಾರಾದರೂ ಸಲಿಗೆಯಿಂದ ಕೇಳಿದರೆ, “ನೋಡೋಕೆ ಬಂದೋರೆಲ್ಲ ಸುಳ್ಳು ಹೇಳ್ತಿದ್ರು ಕಣವ್ವ, ಉಪ್ಪಿಟ್ಟು ಚೆನ್ನಾಗೈತೆ ಅಂತ” ಎನ್ನುತ್ತಿದ್ದರು. ತೋರಿಕೆ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಒಮ್ಮೆ ಯಾರದೋ ಮನೆಯ ಪ್ರಾರ್ಥನಾ ಕೂಟದಲ್ಲಿ ಒಬ್ಬ ಬ್ರದರ್ ಎರಡೂ ಕೈ ಮೇಲೆತ್ತಿ ಗೋಳೋ ಎಂದು ಅಳುತ್ತ ಅರ್ಧ ಗಂಟೆ ಪ್ರಾರ್ಥಿಸಿದ. ನಾವೆಲ್ಲ ಕಣ್ಣು ಮುಚ್ಚಿಕೊಂಡು ಮಂಡಿ ನೋವು ಸಹಿಸುತ್ತಿದ್ದೆವು. ಟೀಚರಮ್ಮ ಅವನ ಮೊಣಕೈ ತಟ್ಟಿದರು. “ಸಾಕು ಕಣಪ್ಪ, ದೇವರಿಗೆ ಕಿವಿ ಚೆನ್ನಾಗಿ ಕೇಳಿಸ್ತೈತೆ. ಒಲೆ ಮೇಲೆ ಅನ್ನ ಸೀದೋಗ್ತೈತೆ” ಅಂದರು. ಆತ ಆಮೆನ್ ಎನ್ನದೆಯೇ ಎದ್ದು ಹೋದ. ಚಿತ್ರದುರ್ಗದ ಸಭೆಗೆ ಸೇರಿಕೊಂಡನಂತೆ, ಅಲ್ಲಿ ಮೈಕೂ ಇದೆ.

ಸಭೆಯಲ್ಲಿ ಅವರಿಗೆ ಇನ್ನೊಂದು ಕೆಲಸವಿತ್ತು. ಹೆಂಗಸರು ಯಾರೇ ಸತ್ತರೂ ಮೈ ತೊಳೆದು ಬಿಳಿ ಸೀರೆ ಉಡಿಸುವವರು ಅವರೇ. ಯಾರೂ ನೇಮಿಸಿದ್ದಲ್ಲ, ಬೇರೆಯವರು ಹಿಂಜರಿದಾಗ ಇವರು ಸೆರಗು ಸಿಕ್ಕಿಸಿ ಮುಂದಾದರು, ಹಾಗೇ ನಡೆದುಕೊಂಡು ಬಂತು. ಮನೆಯಿಂದಲೇ ಹೊಸ ಸೋಪು, ಒಗೆದ ಟವೆಲ್ ತರುತ್ತಿದ್ದರು. ಬಾಗಿಲು ಹಾಕಿಕೊಂಡು ಒಳಗೆ ಹೆಣದ ಜೊತೆ ಮಾತಾಡುವುದು ಹೊರಗೆ ಕೇಳಿಸುತ್ತಿತ್ತು. “ಕೈ ಎತ್ತವ್ವ… ಹಾಂ… ನೀರು ಬೆಚ್ಚಗೈತೆ, ಹೆದರ್ಬ್ಯಾಡ.” ನನ್ನ ತಾಯಿ ಹೋದಾಗ ಆ ಮಾತು ಕೇಳಿಸಿಕೊಂಡು ನಾನು ಅಂಗಳದಲ್ಲಿ ಕೂತು ಮಗುವಿನಂತೆ ಅತ್ತೆ. ಸಾವಿನ ಮನೆಯಲ್ಲಿ ಎಲ್ಲರೂ ಕರ್ತನ ಚಿತ್ತ, ಕರ್ತನ ಚಿತ್ತ ಅನ್ನುತ್ತಿದ್ದರೆ ಅವರು ಮಾತ್ರ ಒಮ್ಮೆಯೂ ಹಾಗನ್ನಲಿಲ್ಲ. ಆತನನ್ನು ಕೇಳದೆ ಆತನ ಹೆಸರಲ್ಲಿ ಹೇಳುವುದು ಸರಿಯಲ್ಲ ಅಂತ.

ಇಂಥವರು ಮಾಡಿದ ಒಂದು ತಪ್ಪಿನ ಮಾತು ಈಗ ಹೇಳಬೇಕು.

ಸುಗುಣ ಮಾರ್ಕೆಟ್ ಯಾರ್ಡಿನ ಹಮಾಲನೊಬ್ಬನ ಮಗಳು. ಹತ್ತೊಂಬತ್ತು ವರ್ಷ, ಗಾಯನ ತಂಡದಲ್ಲಿ ಹಾಡುತ್ತಿದ್ದಳು. ಟೀಚರಮ್ಮನ ಸಂಡೇ ಸ್ಕೂಲಿನಲ್ಲೇ ಬೆಳೆದವಳು, ಅವರ ಕೊಡೆ ಹಿಡಿದುಕೊಂಡು ಅವರ ಹಿಂದೆಯೇ ಓಡಾಡುತ್ತಿದ್ದಳು. ಹದಿನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ತೀರಿಕೊಂಡಳೆಂದು ಸುದ್ದಿ ಬಂತು. ಕಾಮಾಲೆ ಜ್ವರ ಅಂತ ಮನೆಯವರು ಹೇಳಿದರು. ಜ್ವರವಲ್ಲ, ಬೆಳೆಗೆ ಹೊಡೆಯುವ ಔಷಧಿ ಕುಡಿದಿದ್ದಳು. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತು ಅಂತ ಹೇಳುವವರು ಮಾತ್ರ ನಮ್ಮ ಬೆಂಚುಗಳಲ್ಲಿ ಬೇಕಾದಷ್ಟು ಜನ ಇದ್ದರು.

ಟೀಚರಮ್ಮ ಮೈ ತೊಳೆಸಿ ಹೊರಗೆ ಬಂದಾಗ ಸಭೆಯ ಹಿರಿಯರೆಲ್ಲ ದೇವಾಲಯದ ಪಕ್ಕದ ಕೋಣೆಯಲ್ಲಿ ಸೇರಿದ್ದರು. ತಾನಾಗಿ ಪ್ರಾಣ ಕಳೆದುಕೊಂಡವರಿಗೆ ಸಮಾಧಿ ತೋಟದೊಳಗೆ ಜಾಗವಿಲ್ಲ ಅಂತ ನಮ್ಮಲ್ಲೊಂದು ಹಳೇ ಕಟ್ಟಳೆ ಇತ್ತು. ಅದನ್ನು ಎತ್ತಿದವರು ದೊಡ್ಡ ಹಿರಿಯರು. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಶಾಲೆಯ ಆಡಳಿತವೂ ಅವರ ಕೈಯಲ್ಲೇ. ನಾನು ನಡವಳಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದೆ. ಟೀಚರಮ್ಮನನ್ನು ಕರೆಸಿದರು. ಸುಗುಣಳ ಅಪ್ಪ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದ.

“ಟೀಚರಮ್ಮ, ಸ್ನಾನ ಮಾಡಿಸಿದೋರು ನೀವು. ನೀವು ಸುಳ್ಳು ಹೇಳೋರಲ್ಲ ಅಂತ ಇಡೀ ಸಭೆಗೆ ಗೊತ್ತು. ಆ ಹುಡುಗಿ ಔಷಧಿ ಕುಡಿದಿದ್ಲಾ?” ಎಂದು ದೊಡ್ಡ ಹಿರಿಯರು ಕೇಳಿದರು.

ಟೀಚರಮ್ಮನ ಸೀರೆಯ ಅಂಚು ಇನ್ನೂ ಒದ್ದೆಯಿತ್ತು. ಸುಗುಣಳ ಅಪ್ಪ ಅವರನ್ನೇ ನೋಡುತ್ತಿದ್ದ. ಇಲ್ಲ ಅನ್ನಿ, ಇಲ್ಲ ಅನ್ನಿ ಅಂತ ನಾನೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಮನಸ್ಸಿನಲ್ಲೇ, ಬಾಯಿ ಬಿಟ್ಟಲ್ಲ.

“ಹೌದು” ಅಂದರು ಟೀಚರಮ್ಮ.

ಅವನು ಕೂಗಾಡಲಿಲ್ಲ. “ಆಯ್ತಮ್ಮ” ಅಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಗೋಡೆ ಕಟ್ಟಿಸುವಾಗ ಸಭೆಯ ಜಾಗದಲ್ಲೇ ಒಂದು ತುಂಡು ಹೊರಗೆ ಉಳಿದುಬಿಟ್ಟಿತ್ತು, ಜಾಲಿ ಬೆಳೆದ ಜಾಗ. ಅಲ್ಲಿ ಹೂಳಲು ಅನುಮತಿ ಕೊಡಲಾಗಿದೆ ಎಂದು ನಾನು ನಡವಳಿಯಲ್ಲಿ ದುಂಡಗೆ ಬರೆದೆ. ಗಂಟೆ ಬಾರಿಸಲಿಲ್ಲ. ಅಯ್ಯನವರು ಬರಲಿಲ್ಲ. ಟೀಚರಮ್ಮ ಒಬ್ಬರೇ ನಿಂತು ಹಾಡು ಹೇಳಿದರಂತೆ. ಆ ಅಪ್ಪ ಅವರತ್ತ ತಿರುಗಿಯೂ ನೋಡಲಿಲ್ಲವಂತೆ.

ಅದರ ಮುಂದಿನ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಎಲ್ಲರೂ ಸಾಲಾಗಿ ಮುಂದೆ ಹೋಗಿ ಮಂಡಿಯೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡೆವು. ಟೀಚರಮ್ಮ ಏಳಲಿಲ್ಲ. ಆಮೇಲೆ ಯಾವತ್ತೂ ಏಳಲಿಲ್ಲ. ಎಲ್ಲರೂ ಮುಂದೆ ಹೋದಾಗ ಖಾಲಿ ಬೆಂಚುಗಳ ನಡುವೆ ಅವರೊಬ್ಬರೇ ತಲೆ ತಗ್ಗಿಸಿ ಕೂತಿರುತ್ತಿದ್ದರು. ಟೀಚರಮ್ಮ ಏನೋ ದೊಡ್ಡ ಪಾಪ ಮಾಡಿದಾರೆ ಕಣ್ರೀ ಅಂತ ಹೆಂಗಸರು ಪಿಸುಗುಟ್ಟಿದರು. ಹೊಸದಾಗಿ ಬಂದ ಅಯ್ಯನವರು ಒಂದು ದಿನ ನನ್ನೆದುರಿಗೇ ಕೇಳಿದರು, ಯಾಕಮ್ಮಾ, ಭೋಜನಕ್ಕೆ ಬರೋದಿಲ್ಲವಲ್ಲ?

“ಒಬ್ಬಳನ್ನ ಎಲೆ ಮುಂದಿಂದ ಎಬ್ಬಿಸಿ ಕಳಿಸಿದೀನಿ ಅಯ್ಯನವರೇ. ನಾನು ಹೆಂಗೆ ಕುಂತ್ಕಂಡು ಉಣ್ಲಿ?” ಅಂದರು.

ಅಯ್ಯನವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಆದರೂ ಮುಂದಿನ ಭಾನುವಾರ ನಾನೇ ಮೊದಲ ಸಾಲಿನಲ್ಲಿ ಹೋಗಿ ಮಂಡಿಯೂರಿದೆ. ಥೂ ನನ್ನ ಜನ್ಮಕ್ಕೆ.

ಈಸ್ಟರ್ ಹಿಂದಿನ ದಿನ ನಮ್ಮವರೆಲ್ಲ ಸಮಾಧಿ ತೋಟಕ್ಕೆ ಹೋಗಿ ತಮ್ಮ ತಮ್ಮವರ ಗೋರಿಗಳಿಗೆ ಸುಣ್ಣ ಬಳಿಯುತ್ತೇವೆ. ಮಾರನೆಯ ದಿನ ನಸುಕಿನಲ್ಲಿ ಅಲ್ಲೇ ಆರಾಧನೆ, ಹೂವು, ಮೇಣದಬತ್ತಿ. ಸುಗುಣ ಹೋದ ನಂತರದ ಮೊದಲ ಈಸ್ಟರಿಗೆ ಟೀಚರಮ್ಮ ಸುಣ್ಣದ ಬಕೆಟ್ ಹಿಡಿದು ಗೋಡೆಯ ಹೊರಗೆ ಹೋದರು. ಸುಗುಣಳ ಅಪ್ಪ ಆಗಲೇ ಅಲ್ಲಿ ಕೂತಿದ್ದ. ಟೀಚರಮ್ಮ ಗೋರಿಯ ಇನ್ನೊಂದು ಬದಿ ಕೂತು ಕಳೆ ಕಿತ್ತರು. ಆಮೇಲೆ ಅವನು ತನ್ನ ಕೈಯಲ್ಲಿದ್ದ ಬ್ರಷ್ಷನ್ನು ಅವರ ಕಡೆ ಸರಿಸಿದ. ನಾನು ಗೋಡೆಯ ಈಚೆ ನನ್ನ ತಾಯಿಯ ಗೋರಿಗೆ ಸುಣ್ಣ ಹಚ್ಚುತ್ತ ಇದನ್ನು ನೋಡಿದೆ. ಅಲ್ಲಿಂದ ಮುಂದೆ ಪ್ರತಿ ವರ್ಷ ನಸುಕಿನ ಆರಾಧನೆಗೆ ನಾವೆಲ್ಲ ಒಳಗೆ ನಿಂತರೆ ಅವರಿಬ್ಬರು ಹೊರಗೆ ನಿಲ್ಲುತ್ತಿದ್ದರು.

ಆ ದಾರಿಯಲ್ಲಿ ಕುರಿ ಹಿಂಡು ಓಡಾಡುತ್ತದೆ. ಗೋರಿ ತುಳಿಯದಿರಲಿ ಅಂತ ಟೀಚರಮ್ಮ ಸುತ್ತಲೂ ಕಲ್ಲು ಜೋಡಿಸುತ್ತಿದ್ದಾಗ ಕುರಿ ಕಾಯುವ ಮುದುಕನೊಬ್ಬ ನಿಂತು ಕೇಳಿದ. “ಇದೊಂದ್ಯಾಕವ್ವ ಹೊರಗೈತೆ?”

“ನಾನು ಹೊರಗೆ ಹಾಕಿದ್ದು ಕಣಪ್ಪ” ಅಂದರು.

ಹಿರಿಯರು ಹಾಕಿದ್ದು ಅನ್ನಬಹುದಿತ್ತು. ಕಟ್ಟಳೆ ಅನ್ನಬಹುದಿತ್ತು. ಆ ಮುದುಕ ತಲೆಯಾಡಿಸಿ ಅಂದಿನಿಂದ ಹಿಂಡನ್ನು ಸ್ವಲ್ಪ ಬಳಸಿ ಹೊಡೆದುಕೊಂಡು ಹೋಗುತ್ತಿದ್ದ. ನಮ್ಮವರ ಹಾಗೆ ‘ಸ್ತೋತ್ರ’ ಅನ್ನಲೂ ಬಾರದ ಮನುಷ್ಯ.

ಇದಾಗಿ ಮೂರು ವರ್ಷಕ್ಕೆ ದೊಡ್ಡ ಹಿರಿಯರ ಮಗಳು ಸತ್ತಳು. ಹಿರಿಯೂರಿನ ಗಂಡನ ಮನೆ ಬಿಟ್ಟು ಬಂದು ಆರು ತಿಂಗಳಿಂದ ತವರಿನಲ್ಲೇ ಇದ್ದಳು. ಹಾರ್ಟ್ ಅಟ್ಯಾಕ್ ಅಂದರು. ಮೈ ತೊಳೆಸಲು ಮತ್ತೆ ಟೀಚರಮ್ಮನನ್ನೇ ಕರೆದರು. ಅರ್ಧ ಗಂಟೆಯ ನಂತರ ಅವರು ಬಾಗಿಲು ತೆಗೆದು ಹೊರಗೆ ಬಂದಾಗಿನ ಮುಖ ನೋಡಿಯೇ ನನಗೆ ಗೊತ್ತಾಯಿತು, ಇದು ಹಾರ್ಟ್ ಅಟ್ಯಾಕ್ ಅಲ್ಲ ಅಂತ. ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಾಯಿತು. ಒಬ್ಬರೂ ಅವರನ್ನು ಏನೂ ಕೇಳಲಿಲ್ಲ. ಕೋಣೆಯಲ್ಲಿ ಸಭೆ ಸೇರಲಿಲ್ಲ, ನಡವಳಿ ಪುಸ್ತಕ ತೆಗೆಯಲಿಲ್ಲ. ಗಂಟೆ ಬಾರಿಸಿದರು, ಚಿತ್ರದುರ್ಗದಿಂದ ಇಬ್ಬರು ಅಯ್ಯನವರು ಬಂದರು, ತೋಟದ ನಟ್ಟನಡುವೆ ಮಣ್ಣು ಮಾಡಿದರು.

ದೊಡ್ಡ ಹಿರಿಯರು ಆ ದಿನ ಕುಸಿದು ಕೂತಿದ್ದರು, ಅವರನ್ನು ಕಂಡು ನನಗೂ ಕರುಳು ಚುರುಕ್ ಅಂದದ್ದು ಸುಳ್ಳಲ್ಲ. ಆದರೂ ವಾಪಸು ಬರುವಾಗ ನಾನು ಬಿಡಲಿಲ್ಲ. “ಈಗ ಹೇಳ್ಬೇಕಾಗಿತ್ತು ನೀವು, ಎಲ್ಲರ ಮುಂದೆ!” ಅಂದೆ ಟೀಚರಮ್ಮನಿಗೆ. ಬೇರೆಯವರ ಕೈಯಲ್ಲಿ ಹೇಳಿಸುವುದಕ್ಕೆ ನಾನು ಯಾವಾಗಲೂ ಶೂರ.

ಅವರು ಕೊಡೆ ಊರಿ ರಸ್ತೆಯಲ್ಲೇ ನಿಂತರು. “ಇವತ್ತು ಯಾರೂ ಕೇಳ್ಲಿಲ್ಲ, ಅದೇ ಸರಿ ಕಣೋ. ಹೆಣ ಮುಂದಿಟ್ಕಂಡು ಯಾರನ್ನೂ ಹಂಗೆ ಕೇಳ್ಬಾರದು. ಸುಗುಣನ ದಿವಸಾನೂ ಕೇಳ್ಬಾರದಾಗಿತ್ತು, ಕೇಳಿದ್ರೂ ನಾನು ಹೇಳ್ಬಾರದಾಗಿತ್ತು. ಸುಳ್ಳು ಹೇಳೋಳಲ್ಲ ಅಂತ ನನ್ನ ಹೊಗಳಿದ್ರು ನೋಡು, ಆ ಹೊಗಳಿಕೆ ಉಳಿಸ್ಕಳಾಕೆ ಬಾಯಿ ಬಿಟ್ಟೆ. ಅದು ಸತ್ಯ ಅಲ್ಲ, ಚಾಡಿ.”

ಅಷ್ಟು ಹೇಳಿ ಮುಂದೆ ನಡೆದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸುಗುಣಳ ಗೋರಿಯನ್ನು ಒಳಗೆ ಸೇರಿಸಿಕೊಳ್ಳುವಂತೆ ಗೋಡೆಯನ್ನು ಸ್ವಲ್ಪ ಸರಿಸಿ ಎಂದು ಅವರು ಪ್ರತಿ ವರ್ಷ ಕಮಿಟಿಗೆ ಅರ್ಜಿ ಕೊಟ್ಟರು. ಓದಿ ದಾಖಲಿಸಲಾಯಿತು, ಅಂತ ನಾನು ಪ್ರತಿ ವರ್ಷ ಬರೆದೆ. ಕೊನೆಗೆ, ಮೈಯಲ್ಲಿ ಶಕ್ತಿ ಹೋದ ಮೇಲೆ, ಒಂದು ಮಧ್ಯಾಹ್ನ ನನ್ನನ್ನು ಮನೆಗೆ ಕರೆಸಿದರು. “ಕುಂತ್ಕ. ಪೆನ್ನು ತಂದಿದೀಯಾ? ಗೋಡೆ ಅಂತೂ ಅವರು ಸರಿಸಲ್ಲ. ನಾನೇ ಆ ಕಡೆ ಹೋಗ್ತೀನಿ, ಬರ್ಕ” ಅಂದರು. ನಾನು ಬರೆದೆ. ಅವರು ಓದಿ ನೋಡಿ ಒಂದು ಕಡೆ ದೀರ್ಘ ತಿದ್ದಿ ಸಹಿ ಹಾಕಿದರು. “ಅವಳ ಅಪ್ಪಂಗೂ ಹೇಳಿದೀನಿ. ಆದ್ರೆ ಅವನ ಮಾತು ಯಾರು ಕೇಳ್ತಾರೆ? ನೀನು ಸೆಕ್ರೆಟರಿ. ನಿನ್ನನ್ನ ಕೇಳ್ತಾರೆ. ನೀನು ಹೇಳ್ತೀಯಲ್ಲಾ?”

“ಹೇಳ್ತೀನಿ ಟೀಚರಮ್ಮ.”

“ನೋಡು ಮತ್ತೆ” ಅಂದರು. ನಂಬಿದರೋ ಇಲ್ಲವೋ, ಇವತ್ತಿಗೂ ಯೋಚಿಸುತ್ತೇನೆ.

ಹೋದ ವರ್ಷ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹೋದರು. ದೇಹ ಊರಿಗೆ ಬರುವಷ್ಟರಲ್ಲಿ ಬೀದಿ ತುಂಬ ಜನ. ಬಸ್ ಸ್ಟ್ಯಾಂಡಿನ ಅಂಗಡಿಯವರು, ಯಾರ್ಡಿನ ಸಾಹುಕಾರರು, ಅವರ ಹತ್ತಿರ ಅ ಆ ಕಲಿತ ಕುರುಬರ, ಲಿಂಗಾಯತರ, ಸಾಬರ ಮಕ್ಕಳು ಮೊಮ್ಮಕ್ಕಳು. ಆ ಜನ ನೋಡಿ ನಮ್ಮ ಹಿರಿಯರ ಎದೆ ಉಬ್ಬಿತು. ಅದೇ ಕೋಣೆಯಲ್ಲಿ ಕಮಿಟಿ ಸೇರಿತು. ದೊಡ್ಡ ಹಿರಿಯರಿಗೆ ಈಗ ಎಂಬತ್ತರ ಹತ್ತಿರ, ಕೈ ನಡುಗುತ್ತದೆ, ದನಿ ಮಾತ್ರ ಹಾಗೇ ಇದೆ. ತೋಟದ ಗೇಟಿನ ಹತ್ತಿರ, ಬಂದವರಿಗೆಲ್ಲ ಕಾಣುವ ಹಾಗೆ, ದೊಡ್ಡ ಗೋರಿ ಕಟ್ಟಿಸೋಣ ಎಂದರು. ಎಲ್ಲರೂ ಹೂಂ ಅಂದರು.

ನನ್ನ ಜೇಬಿನಲ್ಲಿ ಕಾಗದ ಇತ್ತು. ಬೆಳಿಗ್ಗೆ ಬೀರುವಿನಿಂದ ತೆಗೆದು ಇಟ್ಟುಕೊಂಡೇ ಬಂದಿದ್ದೆ, ದೇವರಾಣೆ.

ಯಾರೋ ಒಬ್ಬರು, “ಟೀಚರಮ್ಮ ಹೊರಗೇ ಇಡ್ರಿ ಅಂತಿದ್ರಂತಲ್ಲ” ಎಂದರು. ದೊಡ್ಡ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. “ವಯಸ್ಸಾದೋರು ಏನೋ ಅಂತಿರ್ತಾರೆ. ಇಡೀ ಊರೇ ಬಂದೈತೆ. ಅವರನ್ನ ಜಾಲಿ ಗಿಡದ ಕೆಳಗೆ ಹಾಕಿದ್ರೆ ಯಾಕೆ ಅಂತ ಎಲ್ಲರೂ ಕೇಳ್ತಾರೆ, ಏನು ಹೇಳಾಣ? ಹಳೇ ಹೆಣಗಳನ್ನೆಲ್ಲ ಎತ್ತಿ ಮಾತಾಡಾಣ?” ಎಂದವರು ನನ್ನ ಕಡೆ ತಿರುಗಿದರು. “ಸೆಕ್ರೆಟರಿ, ಅವರು ಏನಾದ್ರೂ ಬರ್ದು ಕೊಟ್ಟಿದಾರಾ?”

ಅಂಥದ್ದೇ ನೇರ ಪ್ರಶ್ನೆ. ಹೌದು ಎಂಬ ಒಂದು ಮಾತು ಸಾಕಾಗಿತ್ತು. ಆವತ್ತು ಅವರು ಆಡಬಾರದಿದ್ದ ಮಾತು, ಇವತ್ತು ನಾನು ಆಡಲೇಬೇಕಾದ ಮಾತು.

“ಇಲ್ಲ” ಅಂದೆ.

ಯಾಕೆ ಅಂತ ಕೇಳಬೇಡಿ. ನೌಕರಿ ಹೋಗುತ್ತಿತ್ತೇ? ನಾನು ಆಗಲೇ ರಿಟೈರ್. ಮಗಳ ಮದುವೆ ಆಗಿತ್ತು. ಯಾರೂ ನನ್ನನ್ನು ಏನೂ ಮಾಡುವ ಹಾಗಿರಲಿಲ್ಲ. ಮುಂದಿನ ಭಾನುವಾರ ಇವರ ಪಕ್ಕದಲ್ಲೇ ಕೂತು ಹಾಡು ಹೇಳಬೇಕಲ್ಲ ಅನ್ನಿಸಿತು, ಅಷ್ಟೇ. ಅಷ್ಟಕ್ಕೇ.

ಗಂಟೆ ಬಾರಿಸಿದರು. ನಾನೇ ಅವರ ಗುಣಗಾನ ಓದಿದೆ. ಸತ್ಯಕ್ಕೆ ಅಂಜದವರು ಅಂತ ಓದುವಾಗ ಸಾಲು ತಪ್ಪಿ ಮತ್ತೆ ಮೊದಲಿಂದ ಓದಿದೆ, ಜನ ಅದನ್ನು ದುಃಖ ಅಂದುಕೊಂಡರು. ಗೇಟಿನ ಪಕ್ಕ ಮಣ್ಣು ಮಾಡಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡು ಎಲ್ಲರೂ ಹೊರಟರು.

ಎಲ್ಲರೂ ಹೋದ ಮೇಲೆ ನಾನು ಗೋಡೆ ಸುತ್ತಿ ಆಚೆ ಹೋದೆ. ಸುಗುಣಳ ಅಪ್ಪ ಅಲ್ಲಿದ್ದ. ಈಗ ಮೂಟೆ ಹೊರಲಾರದ ಮುದುಕ. ಟೀಚರಮ್ಮ ಹೇಳಿದ್ದನ್ನು ನಂಬಿಕೊಂಡು, ಬೆಳಗಿನಿಂದ ಒಬ್ಬನೇ ಮಗಳ ಪಕ್ಕದಲ್ಲಿ ಗುಣಿ ತೋಡಿದ್ದ. ಜಾಲಿ ಬೇರು ಕಡಿದು, ಅಂಚು ಸವರಿ, ಒಪ್ಪವಾಗಿ ತೋಡಿದ್ದ. ಪಕ್ಕದಲ್ಲಿ ಮಣ್ಣಿನ ರಾಶಿ. ಗೋಡೆಯ ಆ ಕಡೆಯ ಹಾಡು, ಪ್ರಾರ್ಥನೆ ಎಲ್ಲ ಅವನಿಗೆ ಕೇಳಿಸಿರಬೇಕು.

“ಅಮ್ಮ ನಿಮ್ಮ ಹತ್ರ ಬರ್ಸಿದೀನಿ ಅಂದಿದ್ರು” ಅಂದ.

“ಹೌದು.”

“ಹಿರಿಯರು ನಿಮ್ಮನ್ನ ಕೇಳ್ಲಿಲ್ವಾ ಸಾರ್?”

“ಕೇಳಿದ್ರು” ಅಂದೆ.

ಅವನು ಎದ್ದು ಸಲಿಕೆ ತೆಗೆದುಕೊಂಡು ಖಾಲಿ ಗುಣಿಗೆ ಮಣ್ಣು ಎಳೆಯತೊಡಗಿದ. ಎರಡು ಸಲ ಎಳೆದು ಏದುಸಿರು ಬಿಡುತ್ತ ನಿಂತ. ನಾನು ತಡೆಯಲಾರದೆ ಬಗ್ಗಿ ಅಲ್ಲಿದ್ದ ಗುದ್ದಲಿಗೆ ಕೈ ಹಾಕಿದೆ.

“ಬಿಡ್ರಿ ಸಾರ್” ಅಂದ, ನನ್ನ ಮುಖ ನೋಡದೆ. “ನಿಮ್ಮ ಬಟ್ಟೆ ಕೊಳೆ ಆಗ್ತೈತೆ.”